ನಿಶ್ಚಿತಾರ್ಥದ ಫೋಟೋ ಹೂವಿನ ಹೊಲದಲ್ಲಿ ತೆಗೆಸಬೇಕು: ಗುಂಡ್ಲುಪೇಟೆಗೆ ಹೋಗಬೇಕಾ, ಇಲ್ಲೇ ಎಲ್ಲಾದರೂ ಸಿಗುತ್ತದಾ?

ಕಡಲತಡಿ23 (ಜೂನ್ ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಗೆ ನನ್ನ ನಿಶ್ಚಿತಾರ್ಥ. ನಮ್ಮ ಮನೆ ಸುರತ್ಕಲ್, ಹುಡುಗನ ಮನೆ ಪುತ್ತೂರು, ಅವರು ಕೆಲಸಕ್ಕಿರುವುದು ಬೆಂಗಳೂರಿನಲ್ಲಿ. ಹಾಲ್‌ನಲ್ಲಿ ಸ್ಕ್ರೀನಿಗೆ ಹಾಕಲು, ವಾಟ್ಸಾಪ್ ಕರೆಯೋಲೆಗೆ, ಒಂದು ಹತ್ತು ಹದಿನೈದು ಒಳ್ಳೆಯ ಫೋಟೋ ಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ಇಲ್ಲಿ ಎಲ್ಲರೂ ಬೀಚಿಗೇ ಹೋಗುತ್ತಾರೆ. ನನ್ನ ಮೂವರು ಅಕ್ಕಂದಿರ ಆಲ್ಬಮ್ಮಿನಲ್ಲೂ ಕಾಪು ಲೈಟ್‌ಹೌಸ್ ಇದೆ, ಒಂದೇ ಕಲ್ಲು, ಒಂದೇ ಸೂರ್ಯಾಸ್ತ. ಸಮುದ್ರ ನನಗೆ ದಿನಾ ಕಾಣುತ್ತದೆ, ಮನೆಯ ಟೆರೇಸಿನಿಂದಲೇ. ನನಗೆ ಹೂ ಬೇಕು. ಸೂರ್ಯಕಾಂತಿ ಹೊಲದಲ್ಲಿ ಇಬ್ಬರು ನಿಂತಿರುವ ಫೋಟೋ ನೋಡಿದಾಗಿಂದ ಅದೇ ತಲೆಯಲ್ಲಿ ಕೂತಿದೆ.

ಈಗ ತೊಂದರೆ ಏನೆಂದರೆ, ಗುಂಡ್ಲುಪೇಟೆಯಲ್ಲಿ ಸೂರ್ಯಕಾಂತಿ ಅರಳುವುದು ಜುಲೈ ಆಸುಪಾಸು ಅಂತ ಎಲ್ಲರೂ ಹೇಳುತ್ತಾರೆ. ಜುಲೈ ಅರ್ಧ ಆದ ಮೇಲೆ ಆಟಿ, ಅಂದರೆ ನಮ್ಮ ತುಳುನಾಡಿನಲ್ಲಿ ಶುಭಕೆಲಸ ಮಾಡದ ತಿಂಗಳು. ಆಟಿಯಲ್ಲಿ ಹುಡುಗ ಹುಡುಗಿ ಒಟ್ಟಿಗೆ ಹೊಸ ಬಟ್ಟೆ ಹಾಕಿಕೊಂಡು ಫೋಟೋ ತೆಗೆಸಲು ಹೋಗುವುದು ಬೇಡ ಅಂತ ಅಮ್ಮ ಖಂಡಿತವಾಗಿ ಹೇಳಿಬಿಟ್ಟಿದ್ದಾರೆ, ನನಗೂ ಅವರ ಮನಸ್ಸು ನೋಯಿಸಿ ಹೋಗಲು ಇಷ್ಟವಿಲ್ಲ. ಅದರ ಮೇಲೆ ಮಳೆಗಾಲದಲ್ಲಿ ಸಂಪಾಜೆ ಘಾಟಿ ಹತ್ತಬೇಕು. ನಮ್ಮ ಬಜೆಟ್ ಎಲ್ಲ ಸೇರಿ 30 ಸಾವಿರ. ಹೋಗಿ ಬಂದವರು ಯಾರಾದರೂ ಇದ್ದರೆ ಸರಿಯಾಗಿ ಹೇಳಿ: ಯಾವಾಗ ಹೋಗಬೇಕು, ಹೊಲದವರನ್ನು ಹೇಗೆ ಕೇಳಬೇಕು, ಯಾವ ಬಣ್ಣದ ಬಟ್ಟೆ? ಅಥವಾ ಮಂಗಳೂರು, ಉಡುಪಿ ಸುತ್ತ ಹೂವಿನ ಜಾಗ ಏನಾದರೂ ಉಂಟಾ?

ಬೆಳಕಿನ_ಬೆನ್ನಿಗೆ

ಉಡುಪಿಯಲ್ಲಿ ಹನ್ನೊಂದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಗುಂಡ್ಲುಪೇಟೆಗೆ ಐದಾರು ಸಲ ಜೋಡಿಗಳನ್ನು ಕರೆದುಕೊಂಡು ಹೋಗಿದ್ದೇನೆ, ಹಾಗಾಗಿ ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲನೆಯದು, ಹೂವಿನ ಹೊಲಕ್ಕೆ ಕ್ಯಾಲೆಂಡರ್ ನೋಡಿ ತಾರೀಕು ಗೊತ್ತು ಮಾಡಬೇಡಿ. ಸೂರ್ಯಕಾಂತಿ ಬಿತ್ತಿದ ಮೇಲೆ ಸುಮಾರು ಎರಡು ತಿಂಗಳಿಗೆ ಹೂ ಬಿಡುತ್ತದೆ, ಚೆನ್ನಾಗಿ ಕಾಣುವುದು ಎಂಟು ಹತ್ತು ದಿನ ಅಷ್ಟೇ. ಆಮೇಲೆ ಬೀಜ ಕಟ್ಟಿ ಭಾರಕ್ಕೆ ತಲೆ ಬಗ್ಗಿಸುತ್ತದೆ. ಒಬ್ಬೊಬ್ಬರು ಒಂದೊಂದು ದಿನ ಬಿತ್ತಿರುತ್ತಾರೆ, ಮುಂಗಾರಿಗೆ ಮುಂಚಿನ ಮಳೆ ಯಾವಾಗ ಬಿತ್ತೋ ಅದರ ಮೇಲೆ ಎಲ್ಲ ನಿಂತಿದೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಯಾವುದಾದರೂ ಒಂದು ಹೊಲದಲ್ಲಿ ಹೂ ಇರುತ್ತದೆ, ಆದರೆ ನೀವು ಹೋದ ದಿನ ನೀವು ಅಂದುಕೊಂಡ ಹೊಲದಲ್ಲಿ ಇರುತ್ತದೆ ಅಂತ ಇಲ್ಲ. ಅದಕ್ಕೆ ಅಲ್ಲಿಯವರು ಒಬ್ಬರ ಪರಿಚಯ ಬೇಕೇ ಬೇಕು. ಹಿಂದಿನ ದಿನ ಸಂಜೆ ಅವರಿಂದ ಆವತ್ತಿನ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಂಡು ಆಮೇಲೆ ಕಾರು ಹತ್ತಿ.

ಎರಡನೆಯದು ದಿಕ್ಕು. ಸೂರ್ಯಕಾಂತಿ ಇಡೀ ದಿನ ಸೂರ್ಯನ ಹಿಂದೆಯೇ ತಿರುಗುತ್ತದೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಅದು ಎಳೆಯ ಗಿಡಕ್ಕೆ, ಮೊಗ್ಗಿಗೆ ಮಾತ್ರ. ಪೂರ್ತಿ ಅರಳಿದ ಹೂ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಇದು ಗೊತ್ತಿಲ್ಲದೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ರಸ್ತೆಯ ತಪ್ಪು ಬದಿಯ ಹೊಲಕ್ಕೆ ಇಳಿದರೆ ಫೋಟೋದಲ್ಲಿ ಬರೀ ಹಸಿರು ಬೆನ್ನುಗಳು. ರಸ್ತೆಗೆ ಪಶ್ಚಿಮದಲ್ಲಿರುವ ಹೊಲ ಹುಡುಕಿ, ಅಲ್ಲಿ ಎಲ್ಲ ಹೂವೂ ರಸ್ತೆ ಕಡೆಗೇ ನೋಡುತ್ತಿರುತ್ತವೆ, ಹೊಲದ ಒಳಗೆ ಇಳಿಯುವ ಅಗತ್ಯವೇ ಬರುವುದಿಲ್ಲ. ಬದುವಿನ ಮೇಲೆ ನಿಂತರೆ ಸಾಕು. ಬೆಳಿಗ್ಗೆ ಎಂಟೂವರೆಯೊಳಗೆ ಮುಗಿಸಿ, ಆಮೇಲೆ ಬಿಸಿಲು ನೇರ ಕಣ್ಣಿಗೆ ಹೊಡೆದು ಇಬ್ಬರೂ ಕಣ್ಣು ಕಿರಿದು ಮಾಡುತ್ತೀರಿ. ಸಂಜೆ ಐದರ ಮೇಲೆ ಅದೇ ಬದುವಿನಲ್ಲಿ ನಿಂತರೆ ಸೂರ್ಯ ನಿಮ್ಮ ಹಿಂದೆ ಇರುತ್ತಾನೆ, ಎಸಳುಗಳ ಮೂಲಕ ಬೆಳಕು ಹಾದು ಹಳದಿ ದೀಪ ಹಚ್ಚಿದ ಹಾಗೆ ಕಾಣುತ್ತದೆ. ನನಗೆ ಆ ಸಂಜೆ ಬೆಳಕೇ ಜಾಸ್ತಿ ಇಷ್ಟ.

ಬಟ್ಟೆ ವಿಷಯ: ಹಳದಿ, ಗಿಳಿ ಹಸಿರು ಬೇಡ, ಗಿಡದೊಳಗೆ ಕಳೆದುಹೋಗುತ್ತೀರಿ. ಮಾಸಲು ಬಿಳಿ, ಗಾಢ ನೀಲಿ, ಕುಂಕುಮ ಕೆಂಪು ಒಳ್ಳೆಯದು. ದೊಡ್ಡ ಚೆಕ್ಸ್, ದಪ್ಪ ಜರಿ ಇಬ್ಬರಿಗೂ ಬೇಡ. ಗಿಡ ಐದು ಆರು ಅಡಿ ಎತ್ತರ ಇರುತ್ತದೆ, ಕುಳ್ಳಗಿರುವವರು ಒಂದು ಪ್ಲಾಸ್ಟಿಕ್ ಸ್ಟೂಲ್ ಕಾರಿನಲ್ಲಿ ಹಾಕಿಕೊಳ್ಳಿ, ಇಲ್ಲದಿದ್ದರೆ ಹೂವಿನ ಮಧ್ಯೆ ತಲೆ ಮಾತ್ರ ಕಾಣುತ್ತದೆ.

ಸೆಂಟ್ ಹಾಕಿಕೊಳ್ಳಬೇಡಿ. ಹೂ ಬಿಟ್ಟ ಹೊಲದಲ್ಲಿ ಜೇನುನೊಣ ತುಂಬಾ.

ಬೋಳಾರದವ

ಹೋದ ವರ್ಷ ನಾವು ಹೋಗಿದ್ದೆವು. ಅಲ್ಲಿ ಏನಾಯಿತು ಅಂತ ಹೇಳುತ್ತೇನೆ, ನೀವು ಅದೇ ತಪ್ಪು ಮಾಡಬೇಡಿ.

ಮಂಗಳೂರಿನಿಂದ ಸುಳ್ಯ, ಮಡಿಕೇರಿ, ಮೈಸೂರು, ನಂಜನಗೂಡು ದಾಟಿ ಗುಂಡ್ಲುಪೇಟೆ, ಸುಮಾರು 300 ಕಿಲೋಮೀಟರ್. ಮ್ಯಾಪಿನಲ್ಲಿ ಏಳು ಗಂಟೆ ತೋರಿಸುತ್ತದೆ, ಮಳೆಯಲ್ಲಿ ಒಂಬತ್ತು ಆಯಿತು. ನಾವು ಹೋದದ್ದು ಆಗಸ್ಟ್ ಎರಡನೇ ವಾರ. ಇನ್‌ಸ್ಟಾದಲ್ಲಿ ಎರಡು ದಿನದ ಹಿಂದೆ ಯಾರೋ ಹಾಕಿದ ರೀಲ್ ನಂಬಿಕೊಂಡು ಹೊರಟದ್ದು. ಅದರಲ್ಲಿದ್ದ ವಿಡಿಯೋ ಅದಕ್ಕೂ ಹಿಂದಿನ ಯಾವುದೋ ವರ್ಷದ್ದು. ಅಲ್ಲಿ ತಲುಪಿದಾಗ ಆ ಹೊಲದಲ್ಲಿ ಹೂ ಎಲ್ಲ ಕಂದು ಬಣ್ಣಕ್ಕೆ ತಿರುಗಿ ತಲೆ ಕೆಳಗೆ ಹಾಕಿತ್ತು. ನನ್ನ ಹೆಂಡತಿ (ಆಗ ಇನ್ನೂ ಮದುವೆ ಆಗಿರಲಿಲ್ಲ) ಕಾರಿನಿಂದ ಇಳಿಯಲೇ ಇಲ್ಲ.

ಹುಡುಕುತ್ತಾ ಹೋದಾಗ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ಹೊಲ ಸಿಕ್ಕಿತು, ಅರ್ಧ ಸೂರ್ಯಕಾಂತಿ, ಅರ್ಧ ಚೆಂಡು ಹೂ, ನಾವು ಇಲ್ಲಿ ಗೊಂಡೆ ಅನ್ನುತ್ತೇವಲ್ಲ ಅದು. ಹೊಲದವರು ಕಾಣಲಿಲ್ಲ. ನಮ್ಮ ಜೊತೆ ಬಂದಿದ್ದ ಫೋಟೋಗ್ರಾಫರ್ ನೇರ ಒಳಗೆ ನುಗ್ಗಿದ. ಒಳ್ಳೆಯ ಆಂಗಲ್ ಸಿಗಲಿ ಅಂತ ಏಳೆಂಟು ಗಿಡ ಕಾಲಿನಿಂದ ಬಗ್ಗಿಸಿ ಮಲಗಿಸಿಬಿಟ್ಟ, ನಾನು ನೋಡುತ್ತಾ ನಿಂತಿದ್ದೆ, ಬೇಡ ಅನ್ನಲಿಲ್ಲ. ಅಷ್ಟರಲ್ಲಿ ಆ ಕಡೆಯಿಂದ ವಯಸ್ಸಾದ ಒಬ್ಬರು ಬಂದರು. ಜಗಳ ಮಾಡಲಿಲ್ಲ. ಮುರಿದ ಗಿಡ ಒಂದೊಂದಾಗಿ ಎತ್ತಿ ನಿಲ್ಲಿಸಲು ನೋಡಿದರು, ನಿಲ್ಲಲಿಲ್ಲ, ಕಾಂಡ ಸೀಳಿಹೋಗಿತ್ತು. ಒಂದು ಗಿಡಕ್ಕೆ ಒಂದೇ ಹೂ ಅಪ್ಪಾ, ಇದು ಹೋದರೆ ಮತ್ತೆ ಬರುವುದಿಲ್ಲ ಅಂತ ಹೇಳಿದರು. ಇಬ್ಬರೂ ಸೇರಿ ದುಡ್ಡು ಕೊಟ್ಟೆವು, ಅವರು ತೆಗೆದುಕೊಂಡರು, ಆದರೆ ಆ ದಿನ ತೆಗೆದ ಒಂದು ಫೋಟೋ ಕೂಡ ನಮಗೆ ಹಾಲ್‌ನಲ್ಲಿ ಹಾಕಲು ಮನಸ್ಸು ಬರಲಿಲ್ಲ. ಈಗಲೂ ಆ ಫೋಲ್ಡರ್ ತೆರೆದರೆ ನನಗೆ ಆ ಗಿಡ ಎತ್ತುವ ಕೈಯೇ ಕಾಣುವುದು.

ಅಲ್ಲಿ ಹೊಲದ ಒಳಗೆ ಬಿಡಲು ತಲೆಗೆ ಇಷ್ಟು ಅಂತ ಕೇಳುತ್ತಾರೆ. ಕೊಡಿ ಮಾರಾಯ್ರೆ, ಚೌಕಾಸಿ ಮಾಡಬೇಡಿ. ಆ ಸೂರ್ಯಕಾಂತಿ ಎಣ್ಣೆಗೆ ಹೋಗುವುದು. ಚೆಂಡು ಹೂ ಓಣಂ ಸಮಯಕ್ಕೆ ಕೇರಳಕ್ಕೆ ಹೋಗುತ್ತದೆ, ಬಣ್ಣ ತೆಗೆಯುವ ಫ್ಯಾಕ್ಟರಿಗೂ ಹೋಗುತ್ತದೆ. ಅವರ ವರ್ಷದ ಬೆಳೆ ಅದು.

ಘಾಟಿ ವಿಷಯ ನಿಮಗೆ ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ರಸ್ತೆ ಕುಸಿದು ಎಷ್ಟು ದಿನ ಬಂದ್ ಆಗಿತ್ತು ಅಂತ ಪುತ್ತೂರಿನವರಿಗೆ ಚೆನ್ನಾಗಿ ನೆನಪಿರುತ್ತದೆ. ಶಿರಾಡಿಯೂ ಹಾಗೆಯೇ, ಜೋರು ಮಳೆ ಬಂದರೆ ಮಣ್ಣು ಜಾರುತ್ತದೆ. ಹೋಗುವುದಾದರೆ ಹಿಂದಿನ ದಿನವೇ ಹಗಲಿನಲ್ಲಿ ಮೈಸೂರು ಸೇರಿ ಉಳಿದುಕೊಳ್ಳಿ. ಮತ್ತೆ ಅಲ್ಲಿಂದ ಊಟಿ, ವಯನಾಡು ಅಂತ ಪ್ಲಾನ್ ಹಾಕಿದರೆ ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಅನ್ನುವುದು ನೆನಪಿರಲಿ.

ಕಡಲತಡಿ23

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೋಳಾರದ ಅಣ್ಣ, ನೀವು ಬರೆದದ್ದನ್ನು ಹುಡುಗನಿಗೂ ಕಳಿಸಿದೆ. ಒಂದು ಗಿಡಕ್ಕೆ ಒಂದೇ ಹೂ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಆಟಿ ಹಿಡಿಯುವ ಮೊದಲು, ಅಂದರೆ ಜುಲೈ ಮೊದಲ ವಾರ, ಹೋಗಿ ಬರಲು ಆಗುತ್ತದಾ ಅಂತ ನೋಡಿದೆವು. ಅವರಿಗೆ ಆಗ ರಜೆ ಇಲ್ಲ, ಶನಿವಾರ ಆದಿತ್ಯವಾರ ಮಾತ್ರ. ಅಷ್ಟು ದೂರ ಹೋಗಿ ಆ ಎರಡು ದಿನ ಮಳೆ ಬಂದರೆ ಮುಗಿಯಿತು. ಹಾಗಾಗಿ ಆಟಿ ಮುಗಿದು ಬರುವ ಸೋಣ ತಿಂಗಳಿಗೆ, ಇಲ್ಲ ಅದರ ನಂತರ, ಇಲ್ಲೇ ಹತ್ತಿರ ಏನಾದರೂ ಸಿಗುತ್ತದಾ ಅಂತ ಯೋಚಿಸುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಅವರು ಒಂದು ವಾರ ಊರಿಗೆ ಬರುತ್ತಾರೆ.

ಪದವಿನ_ಹಾದಿ

ಸೆಪ್ಟೆಂಬರ್ ಅಂದರೆ ನಮ್ಮ ಪದವುಗಳ ತಿಂಗಳು! ಮುರಕಲ್ಲಿನ ಬಯಲು ಬೇಸಿಗೆಯಲ್ಲಿ ಕಪ್ಪಗೆ ಸುಟ್ಟ ಹಾಗಿರುತ್ತದೆ ಅಲ್ವಾ, ಅದೇ ಪಾದೆಕಲ್ಲಿನ ಮೇಲೆ ಮಳೆ ಸ್ವಲ್ಪ ಬಿಟ್ಟ ಮೇಲೆ ನೀಲಿ ಹೂ ಹಾಸಿರುತ್ತದೆ. ನಾನು ಕಿನ್ನಿಗೋಳಿ ಕಡೆಯವಳು. ಮೊಂತಿ ಫೆಸ್ತಿಗೆ, ಅಂದರೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ, ಮಾತೆ ಮರಿಯಮ್ಮನಿಗೆ ಹಾಕಲು ಬುಟ್ಟಿ ಹಿಡಿದು ಹೂ ಕೊಯ್ಯಲು ಹೋಗುತ್ತಿದ್ದ ಕಾಲದಿಂದ ನನಗೆ ಈ ಜಾಗಗಳು ಗೊತ್ತು.

ಆ ನೀಲಿ ಹೂ ಒಂದು ಗೇಣಿಗಿಂತ ಎತ್ತರ ಇರುವುದು ಕಡಿಮೆ. ಅದು ಹುಳ ತಿನ್ನುವ ಗಿಡ, ವಿಜ್ಞಾನದಲ್ಲಿ ಯುಟ್ರಿಕ್ಯುಲೇರಿಯಾ ಅನ್ನುತ್ತಾರೆ. ಕಲ್ಲಿನ ಮೇಲೆ ಮಣ್ಣು ಅಂತ ಇರುವುದು ಬೆರಳಿನಷ್ಟು, ಅದರಲ್ಲಿ ಸಾರ ಇಲ್ಲ, ಅದಕ್ಕೆ ನೀರಿನೊಳಗೆ ಕಣ್ಣಿಗೆ ಸರಿಯಾಗಿ ಕಾಣದ ಸಣ್ಣ ಸಣ್ಣ ಚೀಲ ಇಟ್ಟುಕೊಂಡು ಹುಳ ಹಿಡಿಯುತ್ತದೆ. ಅದರ ಮಧ್ಯೆ ಬಿಳಿ ಗುಂಡಿ ಹೊಲಿದ ಹಾಗೆ ಇನ್ನೊಂದು ಗಿಡ. ಮಂಡಿಯೂರಿ ನೋಡಿದರೆ ಮಾತ್ರ ಗೊತ್ತಾಗುತ್ತದೆ ಇಷ್ಟೆಲ್ಲ ಇದೆ ಅಂತ.

ಇದನ್ನೇ ದೊಡ್ಡದಾಗಿ ನೋಡಬೇಕಾದರೆ ಕಣ್ಣೂರು ಜಿಲ್ಲೆಯ ಮಾಡಾಯಿಪಾರಕ್ಕೆ ಹೋಗಿ. ಮಂಗಳೂರು ಸೆಂಟ್ರಲ್‌ನಿಂದ ಕಣ್ಣೂರು ಕಡೆಗೆ ಹೋಗುವ ರೈಲಿನಲ್ಲಿ ಪಯ್ಯನ್ನೂರು ದಾಟಿದ ಮೇಲೆ ಪಳಯಂಗಾಡಿ ಸ್ಟೇಷನ್, ಅಲ್ಲಿಂದ ಹತ್ತಿರ. ಘಾಟಿ ಹತ್ತುವುದೂ ಇಲ್ಲ. ಓಣಂ ಹೊತ್ತಿಗೆ ಅಲ್ಲಿ ಇಡೀ ಗುಡ್ಡ ನೀಲಿ ಆಗುತ್ತದೆ, ಮಲಯಾಳದಲ್ಲಿ ಕಾಕ್ಕಪೂವು ಅನ್ನುತ್ತಾರೆ.

ಆದರೆ ಕೇಳಿ. ಇದು ಕೂತು ಮಲಗಿ ಫೋಟೋ ತೆಗೆಸುವ ಹೂ ಅಲ್ಲ. ಒಬ್ಬರು ಒಂದು ಹೆಜ್ಜೆ ಇಟ್ಟರೆ ಆ ಹೆಜ್ಜೆಯ ಗುರುತು ಆ ವರ್ಷಕ್ಕೆ ಹಾಗೆಯೇ ಉಳಿಯುತ್ತದೆ. ಕಾಲುದಾರಿಯಲ್ಲೇ ನಿಲ್ಲಿ, ಕ್ಯಾಮೆರಾ ನೆಲಕ್ಕೆ ತಾಗಿಸಿ ಇಟ್ಟರೆ ಮುಂದೆ ನೀಲಿ, ಹಿಂದೆ ನೀವಿಬ್ಬರು, ಅಷ್ಟು ಸಾಕು. ಪಾಚಿ ಇರುವ ಕಲ್ಲಿನ ಮೇಲೆ ಹೀಲ್ಸ್ ಬೇಡವೇ ಬೇಡ. ಇನ್ನೊಂದು, ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ: ನಮ್ಮ ಊರ ಪದವುಗಳಲ್ಲಿ ಕೆಂಪು ಕಲ್ಲು ತೆಗೆದು ಬಿಟ್ಟ ಕೋರೆಗಳಿವೆ. ಮಳೆಗಾಲದಲ್ಲಿ ನೀರು ತುಂಬಿ ಹಸಿರು ಕೆರೆಯ ಹಾಗೆ ಚಂದ ಕಾಣುತ್ತವೆ. ಅಂಚು ನೆಟ್ಟಗೆ ಇಳಿಯುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಅದರ ಹತ್ತಿರ ಫೋಟೋಕ್ಕೆ ಹೋಗಬೇಡಿ.

ಬೇಲಿಯಲ್ಲಿ ಕೆಂಪು ಹಳದಿ ಜ್ವಾಲೆಯ ಹಾಗೆ ಗೌರಿ ಹೂ ಕಂಡರೆ ನೋಡಿ ಸಂತೋಷಪಡಿ, ತಲೆಗೆ ಮುಡಿಯುವುದು, ಬಾಯಿಯಲ್ಲಿ ಕಚ್ಚಿಕೊಂಡು ಪೋಸ್ ಕೊಡುವುದು ಮಾಡಬೇಡಿ. ಆ ಗಿಡ ಬೇರಿನಿಂದ ಎಲ್ಲ ವಿಷ.

ಘಟ್ಟದ_ಮೇಲಿನ_ತಂಗಿ

ಫೆಬ್ರವರಿ, ಮಾರ್ಚ್ ತನಕ ಕಾಯಲು ಆಗುವುದಾದರೆ ಕಾಫಿ ಹೂ ನೋಡಿ. ನಾನು ಸಕಲೇಶಪುರದವಳು, ಮದುವೆಯಾಗಿ ಮಣಿಪಾಲದಲ್ಲಿದ್ದೇನೆ. ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯದ್ದೇ ಪರಿಮಳ, ಮೂರು ನಾಲ್ಕು ದಿನ ಅಷ್ಟೇ. ತೋಟದ ಯಜಮಾನರಿಗೆ ಮೊದಲೇ ಹೇಳಬೇಕು, ಗಿಡ ಅಲ್ಲಾಡಿಸಬಾರದು, ಹೂ ಉದುರಿದರೆ ಕಾಯಿ ಇಲ್ಲ. ನಿಮ್ಮ ನಿಶ್ಚಿತಾರ್ಥಕ್ಕೆ ಆಗುವುದಿಲ್ಲ, ಮದುವೆ ಮುಂದಿನ ಬೇಸಿಗೆಗೆ ಆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮಲ್ಲಿಗೆ_ಮನೆ

ನಾನು ಶಂಕರಪುರದವಳು. ಎಲ್ಲರೂ ಎಲ್ಲೆಲ್ಲಿಗೋ ಕಳಿಸುತ್ತಿದ್ದೀರಿ, ಸುರತ್ಕಲ್‌ನಿಂದ ಕಟಪಾಡಿಗೆ ಬಂದು ಒಳಗೆ ತಿರುಗಿದರೆ ನಮ್ಮ ಊರು, ಒಂದು ಗಂಟೆಯ ದಾರಿ ಕೂಡ ಅಲ್ಲ. ಜಿಐ ಟ್ಯಾಗ್ ಸಿಕ್ಕಿದ ಉಡುಪಿ ಮಲ್ಲಿಗೆ ಅಂದರೆ ನಮ್ಮದೇ. ನಿಮ್ಮ ನಿಶ್ಚಿತಾರ್ಥದ ದಿನ ತಲೆಗೆ ಮುಡಿಯುವುದೂ ಬಹುಶಃ ಇದೇ ಹೂ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಬಂದು ಬೇಸರ ಆಗಬಾರದು. ಮಲ್ಲಿಗೆ ತೋಟ ಬೆಳ್ಳಗೆ ಅರಳಿ ನಿಂತಿರುವುದಿಲ್ಲ. ಅರಳುವ ಮೊದಲೇ, ಮೊಗ್ಗು ಇರುವಾಗಲೇ ಕೊಯ್ಯಬೇಕು. ಗಿಡದಲ್ಲಿ ಅರಳಿದ ಹೂ ಕಂಡರೆ ಅದು ನಿನ್ನೆ ಕೈತಪ್ಪಿದ ಹೂ, ಅಮ್ಮ ಅದನ್ನು ನೋಡಿದರೆ ಈಗಲೂ ನನಗೆ ಬೈಯುತ್ತಾರೆ. ಹಾಗಾಗಿ ಸೂರ್ಯಕಾಂತಿಯ ಹಾಗೆ ಹಿಂದೆ ಬಣ್ಣದ ಗೋಡೆ ಬೇಕು ಅಂದರೆ ಇಲ್ಲಿ ಸಿಗುವುದಿಲ್ಲ. ಸೊಂಟದೆತ್ತರದ ಹಸಿರು ಗಿಡ, ಕೆಂಪು ಮಣ್ಣು, ಎಲೆಯ ಅಡಿಯಲ್ಲಿ ಅಲ್ಲಲ್ಲಿ ಅಕ್ಕಿಯ ಹಾಗೆ ಬಿಳಿ ತುದಿ. ಅಷ್ಟೇ.

ಆದರೆ ಬೆಳಿಗ್ಗೆ ಐದೂವರೆ, ಆರು ಗಂಟೆಗೆ ಬಂದರೆ ಇಡೀ ಮನೆ ತೋಟದಲ್ಲಿರುತ್ತದೆ. ಸೆರಗಿಗೆ, ಇಲ್ಲದಿದ್ದರೆ ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಮೊಗ್ಗು ಬೀಳುತ್ತಾ ಇರುತ್ತದೆ. ಆಮೇಲೆ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುವುದು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ ಒಂದು ಅಟ್ಟೆಯಲ್ಲಿ 3200 ಮೊಗ್ಗು. ಯಾರೂ ಒಂದೊಂದಾಗಿ ಎಣಿಸುವ ಹಾಗೆ ಕಾಣುವುದಿಲ್ಲ, ಬೆರಳೇ ಎಣಿಸುತ್ತದೆ. ಹೊತ್ತೇರುವ ಮೊದಲು ಕಟ್ಟಿ ಕಳಿಸಬೇಕು, ಮುಂಬೈಗೂ ಹೋಗುತ್ತದೆ. ದರ ಆ ದಿನದ ಕಟ್ಟೆಯ (ಹೂ ಖರೀದಿಸುವ ಜಾಗದ) ದರ, ಮದುವೆ ಸೀಸನ್‌ನಲ್ಲಿ ಅಟ್ಟೆಗೆ ಸಾವಿರ ದಾಟುತ್ತದೆ, ಬೇರೆ ದಿನ ಕೇಳುವವರೇ ಇರುವುದಿಲ್ಲ.

ಅಂಥಾ ಬೆಳಿಗ್ಗೆಯಲ್ಲಿ ನೀವಿಬ್ಬರೂ ಸುಮ್ನೆ ನಿಂತು ನಗುವ ಬದಲು ಕೆಲಸಕ್ಕೆ ಕೈ ಹಾಕಿದರೆ ಒಳ್ಳೆಯ ಫೋಟೋ ಬರುತ್ತದೆ ಅಂತ ನನ್ನ ಅನಿಸಿಕೆ. ನನ್ನ ಅಕ್ಕನ ನಿಶ್ಚಿತಾರ್ಥಕ್ಕೆ ಹಾಗೆ ತೆಗೆದ ಒಂದು ಫೋಟೋ ಇದೆ, ಭಾವ ನಾರು ಹಿಡಿದಿದ್ದಾರೆ, ಅಕ್ಕ ಗಂಟು ಹಾಕುತ್ತಿದ್ದಾಳೆ, ಇಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ನಮ್ಮ ಮನೆಯ ಗೋಡೆಯಲ್ಲಿ ಈಗಲೂ ಅದೇ.

ಜೋರು ಮಳೆಯಲ್ಲಿ ಹೂ ಕಡಿಮೆ, ಬೇಸಿಗೆಯಲ್ಲಿ ಜಾಸ್ತಿ. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಪರವಾಗಿಲ್ಲ, ಬೇಕಾದಷ್ಟು ಮೊಗ್ಗು ಇರುತ್ತದೆ. ಔಷಧಿ ಹೊಡೆದ ದಿನ ತೋಟಕ್ಕೆ ಬರುವುದು ಬೇಡ, ಅದನ್ನು ಮೊದಲೇ ಕೇಳಿಕೊಳ್ಳಿ. ಇದು ಎಲ್ಲ ಹೂವಿನ ಹೊಲಕ್ಕೂ ಅನ್ವಯಿಸುತ್ತದೆ, ಹೂ ಕಂಡ ತಕ್ಷಣ ಮುಖಕ್ಕೆ ಹಿಡಿಯುವ ಅಭ್ಯಾಸ ಎಲ್ಲರಿಗೂ ಇರುತ್ತದೆ ನೋಡಿ.

ಬರುವುದಾದರೆ ನನಗೆ ಇಲ್ಲೇ ಮೆಸೇಜ್ ಮಾಡಿ. ಅಮ್ಮನ ಹತ್ತಿರ ಕೇಳಿ ಹೇಳುತ್ತೇನೆ. ಗಂಟೆಗಟ್ಟಲೆ ಇರುತ್ತೇವೆ ಅಂದರೆ ಅವರ ಆ ದಿನದ ಕೆಲಸ ಹಿಂದೆ ಬೀಳುತ್ತದೆ, ಅದಕ್ಕೆ ಏನಾದರೂ ಕೊಡಬೇಕಾಗುತ್ತದೆ. ನಾನೇ ಮೊದಲು ಹೇಳಿದರೆ ನಿಮಗೂ ಮುಜುಗರ ಇಲ್ಲ.

ಬೆಳಕಿನ_ಬೆನ್ನಿಗೆ

ಶಂಕರಪುರದ ತಂಗಿ ಹೇಳಿದ್ದು ಸರಿ. ಹನ್ನೊಂದು ವರ್ಷದಲ್ಲಿ ನಾನೊಮ್ಮೆಯೂ ಜೋಡಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿಲ್ಲ, ಇಷ್ಟು ಹತ್ತಿರ ಇದ್ದೂ.

ಆ ಹೊತ್ತಿನ ಬೆಳಕಿನ ಬಗ್ಗೆ ಎರಡು ಮಾತು. ಸೆಪ್ಟೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂಕಾಲು ಆಸುಪಾಸು, ಸುತ್ತ ತೆಂಗಿನ ಮರ ಇರುವುದರಿಂದ ತೋಟಕ್ಕೆ ಬೆಳಕು ಬೀಳುವಾಗ ಇನ್ನೂ ಅರ್ಧ ಗಂಟೆ. ಮೋಡ ಇದ್ದರೆ ಹೆದರಬೇಡಿ, ಮೋಡದ ಬೆಳಕಿನಲ್ಲಿ ಮುಖ ಮೃದುವಾಗಿ ಬರುತ್ತದೆ, ಬಿಳಿ ಹೂ ಸುಟ್ಟುಹೋಗುವುದಿಲ್ಲ. ಜಗಲಿಯಲ್ಲಿ ಕಟ್ಟುವಾಗ ಫ್ಲಾಶ್ ಬೇಡ, ಬಾಗಿಲ ಕಡೆಯಿಂದ ಬರುವ ಬೆಳಕಿಗೆ ಪಕ್ಕವಾಗಿ ಕೂರಿಸಿ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ, ನಮ್ಮ ಕರಾವಳಿಯ ತೇವಕ್ಕೆ ಇದು ಗ್ಯಾರಂಟಿ, ಹತ್ತು ಹದಿನೈದು ನಿಮಿಷ ಅದರಲ್ಲೇ ಹೋಗುತ್ತದೆ. ಫೋಟೋಗ್ರಾಫರಿಗೆ ದಾರಿಯಲ್ಲಿ ಎಸಿ ಆಫ್ ಮಾಡಿ ಬರಲು ಹೇಳಿ.

ಬಟ್ಟೆ ಇಲ್ಲಿ ಬೇರೆ. ಹಸಿರು ಹಿನ್ನೆಲೆ, ಕೆಂಪು ಮಣ್ಣು. ಕಾಟನ್ ಸೀರೆ, ಸಾಸಿವೆ ಹಳದಿ ಅಥವಾ ಇಟ್ಟಿಗೆ ಕೆಂಪು, ಅವರಿಗೆ ಬಿಳಿ ಶರ್ಟು, ಪಂಚೆ. ಲೆಹೆಂಗಾ ಹಾಕಿಕೊಂಡು ಗಿಡದ ಸಾಲಿನಲ್ಲಿ ಹೋದರೆ ಗಿಡವೂ ಮುರಿಯುತ್ತದೆ, ಲೆಹೆಂಗಾವೂ ಹರಿಯುತ್ತದೆ. ಡ್ರೋನ್ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಈ ಫೋಟೋಕ್ಕೆ ಅದು ಬೇಡ.

ಬೋಳಾರದವ

ಹೋಗುವುದಾದರೆ ಇಲ್ಲಿಗೇ ಹೋಗಿ. ದುಡ್ಡು ಎಷ್ಟು ಅಂತ ಕೇಳಲು ಸಂಕೋಚ ಆದರೆ ಒಂದು ಉಪಾಯ: ಆ ದಿನ ಅವರು ಕಟ್ಟಿದ ಹೂ ನೀವೇ ಕಟ್ಟೆಯ ದರಕ್ಕೆ ತೆಗೆದುಕೊಳ್ಳಿ, ಮೇಲೆ ಅವರ ಸಮಯಕ್ಕೆ ಅಂತ ಬೇರೆ ಕೊಡಿ.

ಕಡಲತಡಿ23 (ಸೆಪ್ಟೆಂಬರ್ ಕೊನೆಗೆ)

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋಗಿ ಬಂದೆವು. ಶಂಕರಪುರಕ್ಕೆ.

ಬೆಳಿಗ್ಗೆ ನಾಲ್ಕೂಕಾಲಿಗೆ ಎದ್ದು, ಅಮ್ಮನನ್ನೂ ಕರೆದುಕೊಂಡು ಐದು ಮುಕ್ಕಾಲಿಗೆ ಅಲ್ಲಿದ್ದೆವು. ರಾತ್ರಿ ಮಳೆ ಬಂದು ನಿಂತಿತ್ತು, ಎಲೆಗಳ ಮೇಲೆ ನೀರು ಹಾಗೇ ಇತ್ತು, ಸಾಲಿನಲ್ಲಿ ಎರಡು ಹೆಜ್ಜೆ ಇಟ್ಟದ್ದಕ್ಕೆ ಸೀರೆಯ ಅಂಚು ಮಂಡಿಯವರೆಗೆ ಒದ್ದೆ. ಮಲ್ಲಿಗೆ_ಮನೆ ಅಕ್ಕನ ಅಮ್ಮ ಮೊದಲು ಇವರಿಗೆ (ಹುಡುಗನಿಗೆ) ಕೊಯ್ಯುವುದು ಹೇಗೆ ಅಂತ ತೋರಿಸಿದರು. ಎಳೆಯಬಾರದು, ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ ತೊಟ್ಟು ಹಿಡಿದು ಸ್ವಲ್ಪ ಮೇಲಕ್ಕೆ ಮುರಿಯಬೇಕು, ಸಣ್ಣಗೆ ಟಿಕ್ ಅಂತ ಸದ್ದು ಬರುತ್ತದೆ. ಇವತ್ತಿನ ಮೊಗ್ಗು ಯಾವುದು, ನಾಳೆಯದ್ದು ಯಾವುದು ಅಂತ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಅವರು ಮಾತಾಡುತ್ತಾ ಗಿಡ ನೋಡದೆ ಕೊಯ್ಯುತ್ತಿದ್ದರು. ಅರ್ಧ ಗಂಟೆಯಲ್ಲಿ ಇವರು ಒಂದು ಹಿಡಿ, ಅವರು ಒಂದು ಚೀಲ.

ಫೋಟೋಗ್ರಾಫರ್ ಏನೂ ಹೇಳಲಿಲ್ಲ, ನಿಲ್ಲಿ, ನಗಿ, ತಿರುಗಿ ಅಂತ ಒಂದು ಸಲ ಕೂಡ ಇಲ್ಲ, ಅದು ನನಗೆ ಎಲ್ಲಕ್ಕಿಂತ ಹಿಡಿಸಿತು. ಎಂಟು ಗಂಟೆಗೆ ಮತ್ತೆ ಮಳೆ ಹಿಡಿಯಿತು, ಎಲ್ಲರೂ ಜಗಲಿಗೆ ಓಡಿದೆವು. ಅಲ್ಲಿ ನಮ್ಮ ಅಮ್ಮ ನಾರು ತೆಗೆದುಕೊಂಡು ಅವರ ಜೊತೆ ಕಟ್ಟಲು ಕೂತರು, ನನಗೆ ಅಮ್ಮ ಇಷ್ಟು ಬೇಗ ಹೂ ಕಟ್ಟುತ್ತಾರೆ ಅಂತಲೇ ಗೊತ್ತಿರಲಿಲ್ಲ. ಇವರು ನಾರಿನ ಒಂದು ತುದಿ ಹಿಡಿದುಕೊಂಡಿದ್ದರು, ನಾನು ಹಾಕಿದ ಗಂಟು ಮೂರು ಸಲ ಬಿಚ್ಚಿ ಮೊಗ್ಗೆಲ್ಲ ಮಡಿಲಿಗೆ ಉದುರಿತು. ಸ್ಕ್ರೀನಿಗೆ ಹಾಕಲು ಇಬ್ಬರೂ ಆರಿಸಿದ್ದು ಅದೇ ಫೋಟೋ, ಮೊಗ್ಗು ಉದುರುತ್ತಿರುವುದು.

ಪದವಿನ_ಹಾದಿ ಅಕ್ಕ, ಬರುವ ದಾರಿಯಲ್ಲಿ ಒಂದು ಪಾದೆಯ ಮೇಲೆ ನಿಮ್ಮ ನೀಲಿ ಹೂ ನೋಡಿದೆವು. ಮಂಡಿಯೂರಿ ನೋಡಿದೆವು, ಫೋಟೋ ತೆಗೆಯಲಿಲ್ಲ, ಮಳೆ ಜೋರಿತ್ತು.

ಬಟ್ಟೆ, ಫೋಟೋಗ್ರಾಫರ್, ಎಲ್ಲ ಸೇರಿ 22 ಸಾವಿರದೊಳಗೆ ಮುಗಿಯಿತು. ಬೋಳಾರದ ಅಣ್ಣ ಹೇಳಿದ ಹಾಗೆಯೇ ಆ ದಿನದ ಹೂ ನಾವೇ ತೆಗೆದುಕೊಂಡೆವು, ಮೇಲೆ ಕೊಟ್ಟದ್ದನ್ನು ಮೊದಲು ಬೇಡ ಅಂದರು, ಅಮ್ಮ ಹೇಳಿದ ಮೇಲೆ ಇಟ್ಟುಕೊಂಡರು. ನಿಶ್ಚಿತಾರ್ಥದ ದಿನಕ್ಕೆ ಎರಡು ಅಟ್ಟೆ ಬೇಕು ಅಂತಲೂ ಹೇಳಿ ಬಂದಿದ್ದೇನೆ. ದರ ಅವತ್ತಿನ ಕಟ್ಟೆಯ ದರ.